ಹೊಳೆಬದಿಯ ಹನ್ನೆರಡು ಸೆಂಟ್ಸ್: ಪರ್ಮಿಟ್ ಸಿಕ್ಕಿದರೆ ನೆರೆ ಬಿಡುತ್ತದೆಯೇ?

ಓದುಗರ ಪ್ರಶ್ನೆ: "ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಊರು ಕಾಸರಗೋಡಿನ ಮೊಗ್ರಾಲ್ ಹೊಳೆಯ ಬದಿ. ಅಮ್ಮನ ಪಾಲಿಗೆ ಬಂದ 12 ಸೆಂಟ್ಸ್ ಜಾಗದಲ್ಲಿ 1,400 ಚದರಡಿಯ ಮನೆ ಕಟ್ಟಿ ಅಮ್ಮನನ್ನು ಅಲ್ಲೇ ಇರಿಸಬೇಕೆಂದಿದ್ದೇನೆ. ಜಾಗದಲ್ಲಿ ಈಗ ಅಡಿಕೆ ಇದೆ. ಒಂದು ಬದಿ ಗದ್ದೆ, ಇನ್ನೊಂದು ಬದಿ ತೋಡು (ಸಣ್ಣ ಹಳ್ಳ), ಹೊಳೆಗೆ ಸುಮಾರು 40 ಮೀಟರ್. ಆಟಿಯಲ್ಲಿ (ಜುಲೈ-ಆಗಸ್ಟ್) ನೀರು ತೋಟಕ್ಕೆ ಬಂದು ಹೋಗುವುದುಂಟು. 2019ರ ಆಗಸ್ಟಿನಲ್ಲಿ ಬಾವಿಕಟ್ಟೆಯ ಹತ್ತಿರ ಮೊಣಕಾಲವರೆಗೆ ಎರಡು ದಿನ ನಿಂತಿತ್ತು. ವಿಲೇಜ್ ಆಫೀಸಿನ ದಾಖಲೆಯಲ್ಲಿ 'ನಿಲಂ' (ಗದ್ದೆ) ಎಂದಿದೆ. ಪ್ಲ್ಯಾನ್ ಮಾಡುವ ಇಂಜಿನಿಯರ್ 'ಡೇಟಾ ಬ್ಯಾಂಕಿನಲ್ಲಿ ಇಲ್ಲ, ತೊಂದರೆ ಇಲ್ಲ' ಅನ್ನುತ್ತಾರೆ. ಬ್ರೋಕರ್ ಒಬ್ಬರು 'ನಾಲ್ಕು ಅಡಿ ಮಣ್ಣು ಹಾಕಿಸಿ, ಎಲ್ಲ ಸರಿಯಾಗುತ್ತದೆ' ಅನ್ನುತ್ತಾರೆ. ಪಕ್ಕದವರು ಮಣ್ಣು ಹಾಕಿದರೆ ಕಂಪ್ಲೇಂಟ್ ಕೊಡುತ್ತೇವೆ ಅಂದಿದ್ದಾರೆ. ಪಂಚಾಯತು ಪರ್ಮಿಟ್ ಕೊಡುತ್ತದೆಯೇ? ಕೊಟ್ಟರೆ ಧೈರ್ಯವಾಗಿ ಕಟ್ಟಬಹುದೇ?"

ಉತ್ತರ: ಕೊನೆಯ ಎರಡು ವಾಕ್ಯಗಳಲ್ಲಿ ನೀವು ಕೇಳಿದ್ದು ಬೇರೆ ಬೇರೆ ಎರಡು ಪ್ರಶ್ನೆ. ಬಹಳ ಜನ ಅದನ್ನು ಒಂದೇ ಎಂದುಕೊಂಡು ಕೈ ಸುಟ್ಟುಕೊಳ್ಳುತ್ತಾರೆ. ಪಂಚಾಯತಿನ ಫೈಲು ನೋಡುವುದು ಜಾಗ ಯಾರದ್ದು, ದಾಖಲೆಯಲ್ಲಿ ಅದು ಏನು, ರಸ್ತೆಯಿಂದ ಗಡಿಯಿಂದ ಎಷ್ಟು ಬಿಟ್ಟಿದ್ದೀರಿ, ಸೆಪ್ಟಿಕ್ ಟ್ಯಾಂಕ್ ಎಲ್ಲಿ ಎಂಬುದನ್ನು. ನಿಮ್ಮ ಜಾಗದಲ್ಲಿ ನೀರು ಎಷ್ಟು ಎತ್ತರಕ್ಕೆ ಏರಿತ್ತು, ಮನೆಯ ನೆಲ ಅದಕ್ಕಿಂತ ಮೇಲಿದೆಯೇ ಎಂದು ಲೆಕ್ಕ ಹಾಕಿ ಹೇಳುವವರು ಆ ಫೈಲು ಹೋಗುವ ದಾರಿಯಲ್ಲಿ ಸಾಮಾನ್ಯವಾಗಿ ಯಾರೂ ಇಲ್ಲ. ಪರ್ಮಿಟ್ ಸಿಕ್ಕಿತೆಂದರೆ ಕಾನೂನಿನ ಅಡ್ಡಿ ಇಲ್ಲ ಎಂದಷ್ಟೇ. ಹೊಳೆಗೆ ಆ ಕಾಗದ ಸಂಬಂಧವಿಲ್ಲ.

ಹೀಗಾಗಲು ಕಾರಣವಿದೆ. ಪ್ರವಾಹ ಬಯಲುಗಳಲ್ಲಿ ಎಲ್ಲಿ ಕಟ್ಟಬಹುದು, ಎಲ್ಲಿ ಕೂಡದು ಎಂದು ವಲಯ ಮಾಡುವ ಮಾದರಿ ಮಸೂದೆಯೊಂದನ್ನು ಕೇಂದ್ರ ಸರಕಾರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರ, ರಾಜಸ್ಥಾನ, ಉತ್ತರಾಖಂಡದಂಥ ಬೆರಳೆಣಿಕೆಯ ರಾಜ್ಯಗಳು ಮಾತ್ರ ಅದನ್ನು ಕಾನೂನು ಮಾಡಿದವು. ಕೇರಳದಲ್ಲಿ ಹೊಳೆಬದಿಯ ಕಟ್ಟಡಕ್ಕೆ ಕಡಿವಾಣ ಹಾಕುವುದು ಬೇರೆ ಬೇರೆ ಉದ್ದೇಶಕ್ಕೆ ಬಂದ ಕಾನೂನುಗಳು: 2008ರ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯಿದೆ, 2019ರ ಪಂಚಾಯತು ಕಟ್ಟಡ ನಿಯಮಗಳು, ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಪುರಂಬೋಕು (ಸರಕಾರಿ ಜಾಗ) ಕಾನೂನು. ಮೇಲಿಂದ ವಿಪತ್ತು ನಿರ್ವಹಣಾ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿ ಹಾಕಬಹುದಾದ ನಿರ್ಬಂಧಗಳು. ಒಂದೊಂದೂ ಒಂದೊಂದು ಕಡೆಯಿಂದ ಹಿಡಿಯುತ್ತದೆ, ನಡುವೆ ಸಂದಿಗಳಿವೆ. ನಿಮ್ಮ ಇಂಜಿನಿಯರ್, ಬ್ರೋಕರ್, ಪಕ್ಕದವರು ಮೂವರೂ ಒಂದೊಂದು ತುಂಡನ್ನು ಹಿಡಿದು ಮಾತಾಡುತ್ತಿದ್ದಾರೆ.

ಕಾಗದದ ಮೇಲೆ ನಿಮ್ಮ ಜಾಗ ಏನು?

ಮೊದಲು ಎರಡು ದಾಖಲೆಗಳ ವ್ಯತ್ಯಾಸ. ಬಿ.ಟಿ.ಆರ್. ಎಂಬುದು ವಿಲೇಜ್ ಆಫೀಸಿನಲ್ಲಿರುವ ಮೂಲ ತೆರಿಗೆ ರಿಜಿಸ್ಟರ್. ಸರ್ವೆ ನಂಬ್ರದ ಎದುರು 'ನಿಲಂ' ಎಂದಿದೆಯೋ 'ಪುರಯಿಡಂ' (ಮನೆ, ತೋಟದ ಜಾಗ) ಎಂದಿದೆಯೋ ಎಂಬುದು ಅದರಲ್ಲಿ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡಕ್ಕೆ ಸೇರಿದ್ದರಿಂದ ಅಜ್ಜನ ಕಾಲದ ಕಾಗದಗಳಲ್ಲಿ ನಂಜ (ಗದ್ದೆ), ಪುಂಜ (ಒಣಭೂಮಿ), ಬಾಗಾಯತು (ತೋಟ) ಎಂದೇ ಕಾಣಬಹುದು. ಡೇಟಾ ಬ್ಯಾಂಕ್ ಬೇರೆ. 2008ರ ಕಾಯಿದೆ ಜಾರಿಗೆ ಬಂದ ಆಗಸ್ಟ್ 12ರಂದು ಯಾವುದು ಗದ್ದೆ, ಯಾವುದು ಜೌಗು ಎಂದು ಸ್ಥಳೀಯ ನಿರೀಕ್ಷಣಾ ಸಮಿತಿ ಮಾಡಿದ ಪಟ್ಟಿ ಅದು. ಸಮಿತಿಗೆ ಪಂಚಾಯತು ಅಧ್ಯಕ್ಷರು ಮುಖ್ಯಸ್ಥರು. ಕೃಷಿ ಅಧಿಕಾರಿ, ವಿಲೇಜ್ ಆಫೀಸರ್, ಕೃಷಿಕರ ಪ್ರತಿನಿಧಿಗಳು ಸದಸ್ಯರು.

"ಡೇಟಾ ಬ್ಯಾಂಕಿನಲ್ಲಿ ಇಲ್ಲ, ತೊಂದರೆ ಇಲ್ಲ" ಎಂಬುದು ಅರ್ಧ ಸತ್ಯ. ಬಿ.ಟಿ.ಆರ್.ನಲ್ಲಿ ನಿಲಂ ಆಗಿದ್ದು ಡೇಟಾ ಬ್ಯಾಂಕಿನಲ್ಲಿ ಇಲ್ಲದ ಜಾಗಕ್ಕೆ, 2018ರ ತಿದ್ದುಪಡಿಯ ಪ್ರಕಾರ, ಸ್ವರೂಪ ಬದಲಿಸಲು ಆರ್.ಡಿ.ಓ. (ಕಂದಾಯ ವಿಭಾಗಾಧಿಕಾರಿ) ಅನುಮತಿ ಬೇಕು. 50 ಸೆಂಟ್ಸ್‌ವರೆಗಿನ ಜಾಗಕ್ಕೆ ಫಾರಂ 6, ಮೇಲಿದ್ದರೆ ಫಾರಂ 7. ಡೇಟಾ ಬ್ಯಾಂಕಿನಲ್ಲಿ ಇದ್ದರೆ ಅದಕ್ಕೂ ಮೊದಲು ಫಾರಂ 5 ಹಾಕಿ ಪಟ್ಟಿಯಿಂದ ತೆಗೆಸಬೇಕು. ಈಗ ಅರ್ಜಿ ಆನ್‌ಲೈನ್. 2024ರಿಂದ ಆರ್.ಡಿ.ಓ. ಜತೆಗೆ ಡೆಪ್ಯುಟಿ ಕಲೆಕ್ಟರರಿಗೂ ಈ ಅಧಿಕಾರ ಕೊಟ್ಟಿದ್ದಾರೆ, ಹಾಗಾಗಿ ನಿಮ್ಮ ತಾಲೂಕಿನ ಫೈಲು ಯಾರ ಮೇಜಿಗೆ ಹೋಗುತ್ತದೆಂದು ವಿಲೇಜ್ ಆಫೀಸಿನಲ್ಲೇ ಕೇಳಿಕೊಳ್ಳಿ.

ಡೇಟಾ ಬ್ಯಾಂಕನ್ನು ಬಾಯಿಮಾತಿನಲ್ಲಿ ನಂಬಬೇಡಿ. ಕೃಷಿ ಭವನದಲ್ಲಿ ನಿಮ್ಮ ಸರ್ವೆ ನಂಬ್ರ ಮತ್ತು ಸಬ್‌ಡಿವಿಷನ್ ಎರಡನ್ನೂ ಕೊಟ್ಟು ನೋಡಿಸಿ. ತಪ್ಪು ಆಗುವುದು ಇಲ್ಲೇ: ಪಾಲು ಆಗುವ ಮೊದಲಿನ ಸಬ್‌ಡಿವಿಷನ್ ನಂಬ್ರದಲ್ಲಿ ಇಡೀ ಬಯಲು ಪಟ್ಟಿಗೆ ಸೇರಿರುತ್ತದೆ, ನಿಮ್ಮ ಹೊಸ ನಂಬ್ರ ಹುಡುಕಿದವರಿಗೆ ಅದು ಕಾಣುವುದಿಲ್ಲ. ಹಳೇ ನಂಬ್ರವನ್ನೂ ಹುಡುಕಿಸಿ.

ಇನ್ನು ಶುಲ್ಕ. 25 ಸೆಂಟ್ಸ್‌ವರೆಗಿನ ಜಾಗಕ್ಕೆ ಶುಲ್ಕವಿಲ್ಲ, ಅದರ ಮೇಲೆ ಒಂದು ಎಕರೆವರೆಗೆ ಫೇರ್ ವ್ಯಾಲ್ಯೂವಿನ (ಸರಕಾರ ನಿಗದಿ ಮಾಡಿದ ಜಾಗದ ಬೆಲೆ) ಶೇಕಡಾ 10. ನಿಮ್ಮದು 12 ಸೆಂಟ್ಸ್ ಆದ್ದರಿಂದ ಉಚಿತ ಎಂದು ಹಿಗ್ಗುವ ಮೊದಲು ಪಾಲುಪತ್ರದ ತಾರೀಕು ನೋಡಿ. ಆ ಜಾಗ 2017ರ ಡಿಸೆಂಬರ್ 30ರಂದು ಎಷ್ಟು ವಿಸ್ತೀರ್ಣದ ತುಂಡಾಗಿತ್ತು ಎಂಬುದರ ಮೇಲೆ ರಿಯಾಯಿತಿ ನಿಂತಿದೆ. ಅಂದು ಅದು 60 ಸೆಂಟ್ಸ್‌ನ ತರವಾಡು (ಕುಟುಂಬದ) ಜಾಗದ ಭಾಗವಾಗಿದ್ದು ಆಮೇಲೆ ಪಾಲಾದದ್ದಾದರೆ ಶುಲ್ಕ ಬೀಳುತ್ತದೆ. ಲೆಕ್ಕ ಹೀಗೆ: 12 ಸೆಂಟ್ಸ್ ಎಂದರೆ 4.86 ಆರ್ (ಒಂದು ಆರ್ ಎಂದರೆ 100 ಚದರ ಮೀಟರ್). ಫೇರ್ ವ್ಯಾಲ್ಯೂ ಆರ್‌ಗೆ 50,000 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು 2,43,000, ಶುಲ್ಕ 24,300. ಭಾರೀ ಮೊತ್ತವೇನಲ್ಲ, ಆದರೆ ಗೊತ್ತಿಲ್ಲದೆ ಹೋದರೆ ಅದೊಂದು ನೋಟೀಸಿಗೆ ಫೈಲು ತಿಂಗಳುಗಟ್ಟಲೆ ನಿಲ್ಲುತ್ತದೆ.

ಇಲ್ಲೊಂದು ಒಳದಾರಿ ಉಂಟು. ಡೇಟಾ ಬ್ಯಾಂಕಿನಲ್ಲಿ ಇಲ್ಲದ ನಿಲಂ ಜಾಗದಲ್ಲಿ, ಗರಿಷ್ಠ 4.04 ಆರ್ ಅಂದರೆ ಸುಮಾರು 10 ಸೆಂಟ್ಸ್‌ನಲ್ಲಿ, 120 ಚದರ ಮೀಟರ್ ವರೆಗಿನ ಮನೆಗೆ ಸ್ವರೂಪ ಬದಲಾವಣೆಯ ಅನುಮತಿಯೇ ಬೇಡ ಎಂದು ಕಾಯಿದೆ ಹೇಳುತ್ತದೆ. 120 ಚದರ ಮೀಟರ್ ಎಂದರೆ 1,291 ಚದರಡಿ. ನಿಮ್ಮ 1,400 ಚದರಡಿಯಲ್ಲಿ ಒಂದು ಕೋಣೆ ಸಣ್ಣದು ಮಾಡಿದರೆ ಆ ಮಿತಿಯೊಳಗೆ ಬರುತ್ತೀರಿ. ಆದರೂ ನನ್ನ ಸಲಹೆ ಫಾರಂ 6 ಹಾಕುವುದೇ. ನಿಮ್ಮ ಜಾಗ 12 ಸೆಂಟ್ಸ್ ಆದ್ದರಿಂದ ಈ ವಿನಾಯಿತಿಯ ಬಗ್ಗೆ ತಕರಾರು ಬರಬಹುದು. ಎರಡನೆಯದಾಗಿ, ವಿನಾಯಿತಿಯಲ್ಲಿ ಮನೆ ಕಟ್ಟಿದರೂ ಬಿ.ಟಿ.ಆರ್.ನಲ್ಲಿ ಜಾಗ ನಿಲಂ ಆಗಿಯೇ ಉಳಿಯುತ್ತದೆ. ನಾಳೆ ಒಂದು ಕೋಣೆ ಸೇರಿಸುವಾಗ, ಬೇಂಕಿಗೆ ಅಡವು ಇಡುವಾಗ, ಮಾರುವಾಗ ಅದೇ ಶಬ್ದ ಮತ್ತೆ ಎದುರು ಬಂದು ನಿಲ್ಲುತ್ತದೆ.

ಅಡಿಕೆ ಮರ ಇದೆಯಲ್ಲ, ಆದ್ದರಿಂದ ಅದು ತೋಟವೇ ಆಯಿತು ಎಂಬ ನಂಬಿಕೆ ನಮ್ಮ ಕಡೆ ಬಹಳ ಗಟ್ಟಿ. ಗದ್ದೆಯಲ್ಲಿ ಅಗಳು ತೋಡಿ ಅಡಿಕೆ ನೆಟ್ಟ ಮಾತ್ರಕ್ಕೆ ದಾಖಲೆ ತಾನಾಗಿ ಬದಲಾಗುವುದಿಲ್ಲ. ಡೇಟಾ ಬ್ಯಾಂಕಿನಿಂದ ತೆಗೆಸುವ ಪ್ರಶ್ನೆ ಬಂದಾಗ ನೋಡುವುದು 2008ರ ಆಗಸ್ಟ್ 12ರಂದು ಜಾಗ ಹೇಗಿತ್ತು, ನೆಲದ ಮಟ್ಟ ಹೇಗಿತ್ತು, ಬೇಸಾಯಕ್ಕೆ ಯೋಗ್ಯವಾಗಿತ್ತೇ ಎಂಬುದನ್ನು. ಆಗಿನ ಉಪಗ್ರಹ ಚಿತ್ರದ ವರದಿಯನ್ನು ತಿರುವನಂತಪುರದ ದೂರಸಂವೇದಿ ಕೇಂದ್ರದಿಂದ ತರಿಸುತ್ತಾರೆ. ಮರಕ್ಕೆ ಇಪ್ಪತ್ತೈದು ವರ್ಷವಾಗಿದ್ದರೆ ಅದು ನಿಮಗೆ ಸಾಕ್ಷಿ. ಹತ್ತೇ ವರ್ಷವಾಗಿದ್ದರೆ ಅದೇ ಮರ ನಿಮ್ಮ ವಿರುದ್ಧ ಸಾಕ್ಷಿ.

ಒಂದು ವೇಳೆ ಅದು ನಿಜವಾಗಿಯೂ ಡೇಟಾ ಬ್ಯಾಂಕಿನ ಗದ್ದೆಯೇ ಆಗಿದ್ದರೆ, ಸ್ವಂತ ವಾಸದ ಮನೆಗೆ ಪಂಚಾಯತಿನಲ್ಲಿ 10 ಸೆಂಟ್ಸ್‌ವರೆಗೆ ಅನುಮತಿ ಕೇಳುವ ದಾರಿ ಒಂದಿದೆ. ಸ್ಥಳೀಯ ಸಮಿತಿ ಶಿಫಾರಸು ಮಾಡಬೇಕು, ಜಿಲ್ಲಾ ಮಟ್ಟದ ಸಮಿತಿ ಒಪ್ಪಬೇಕು, ನಿಮಗೆ ಬೇರೆಲ್ಲೂ ಯೋಗ್ಯ ಜಾಗ ಇರಬಾರದು, ಸುತ್ತಲಿನ ಬೇಸಾಯಕ್ಕೆ ತೊಂದರೆಯಾಗಬಾರದು. ಈ ಕೊನೆಯ ಷರತ್ತಿನಲ್ಲಿ ತೋಡಿನ ಬದಿಯ ಜಾಗಗಳು ಹೆಚ್ಚಾಗಿ ಸೋಲುತ್ತವೆ.

40 ಮೀಟರ್ ಅಂದಿರಲ್ಲ, ಯಾವುದರಿಂದ?

ಮೊಗ್ರಾಲ್ ಹೊಳೆ ಒಟ್ಟು 34 ಕಿಲೋಮೀಟರ್ ಉದ್ದದ್ದು. ಅದರ ಕೆಳಗಿನ ಭಾಗದಲ್ಲಿ ಸಮುದ್ರದ ಭರತ ಇಳಿತ ಕಾಣುತ್ತದೆ. ಭರತದ ನೀರು ಬಂದು ಹೋಗುವ ಹೊಳೆಯ ಬದಿಗೂ ಕರಾವಳಿ ನಿಯಂತ್ರಣ ವಲಯ ಅನ್ವಯವಾಗುತ್ತದೆ ಎಂಬುದು ಒಳಪ್ರದೇಶದ ಅನೇಕರಿಗೆ ಗೊತ್ತಿರುವುದಿಲ್ಲ. ಸಮುದ್ರ ಕಾಣದಷ್ಟು ದೂರವಿದ್ದರೂ ಹಾಗೆಯೇ. ಒಣಗಿದ ಬೇಸಗೆಯಲ್ಲಿ ನೀರಿನ ಉಪ್ಪಿನ ಅಂಶ ಸಾವಿರಕ್ಕೆ 5 ಭಾಗ ಇರುವ ಜಾಗದವರೆಗೆ ಈ ಗಡಿ ಎಣಿಸುತ್ತಾರೆ. 2019ರ ಅಧಿಸೂಚನೆಯಂತೆ ಅಲ್ಲಿ ಭರತದ ಗೆರೆಯಿಂದ 50 ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ದೂರ ವಲಯದೊಳಗೆ ಬರುತ್ತದೆ.

ನಿಮ್ಮ ಎದುರು ಹೊಳೆ 30 ಮೀಟರ್ ಅಗಲವಿದ್ದರೆ 40 ಮೀಟರ್ ದೂರದ ಮನೆ ಹೊರಗೆ. 60 ಮೀಟರ್ ಅಗಲವಿದ್ದರೆ ಒಳಗೆ. ಅಳತೆ ಶುರುವಾಗುವುದು ಭರತದ ಗೆರೆಯಿಂದ, ನೀವು ಬೇಸಗೆಯಲ್ಲಿ ಕಂಡ ನೀರಿನ ಅಂಚಿನಿಂದ ಅಲ್ಲ. ಕೇರಳದ ಹೊಸ ಕರಾವಳಿ ನಕ್ಷೆಗಳಿಗೆ 2024ರ ಅಕ್ಟೋಬರಿನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಅವುಗಳಲ್ಲಿ ಸರ್ವೆ ನಂಬ್ರ ಹಿಡಿದು ನೋಡಬಹುದು. ವಲಯದಲ್ಲಿ ಕಟ್ಟಬಹುದಾದ ಕಡೆ 300 ಚದರ ಮೀಟರ್ ವರೆಗಿನ ಸ್ವಂತ ಮನೆಗೆ ಪಂಚಾಯತೇ ಅನುಮತಿ ಕೊಡಬಹುದು, ಆದರೆ ಅಧಿಸೂಚನೆಗೆ ಹೊಂದುತ್ತದೆಯೇ ಎಂದು ನೋಡಿದ ಮೇಲೆ. ನಿಷೇಧದ ಪಟ್ಟೆಯಲ್ಲಿ ಹೊಸ ಮನೆಗೆ ಪಂಚಾಯತಿನ ಯಾವ ಸಹಿಯೂ ಆಗದು.

ಪಂಚಾಯತಿನ ಪರ್ಮಿಟ್ ಇದ್ದರೆ ಯಾರೂ ಏನೂ ಮಾಡುವಂತಿಲ್ಲ ಅನ್ನುವವರಿಗೆ ಕೊಚ್ಚಿ ಬಳಿಯ ಮರಡಿನ ಫ್ಲ್ಯಾಟುಗಳನ್ನು ನೆನಪಿಸಿ. 2006ರಲ್ಲಿ ಆಗ ಪಂಚಾಯತಾಗಿದ್ದ ಮರಡು ಪರ್ಮಿಟ್ ಕೊಟ್ಟಿತ್ತು. ಕರಾವಳಿ ವಲಯದ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2019ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. 2020ರ ಜನವರಿ 11 ಮತ್ತು 12ರಂದು ನಾಲ್ಕು ಸಮುಚ್ಚಯಗಳು ಮಣ್ಣಾದವು.

ಇನ್ನೊಂದು ಗಡಿ ಪುರಂಬೋಕು. ಹೊಳೆಯ, ತೋಡಿನ ಪುರಂಬೋಕು ಸರಕಾರದ್ದು, ಅದರಲ್ಲಿ ನಿಮ್ಮ ಅಜ್ಜ ತೆಂಗು ನೆಟ್ಟಿದ್ದರೂ. ತೋಡು ದಾರಿ ಬದಲಿಸಿದ್ದರೆ ಈಗ ನೀರು ಹರಿಯುವ ಜಾಗ ನಿಮ್ಮದಾಗಿ, ಒಣಗಿದ ಜಾಗ ಪುರಂಬೋಕು ಆಗಿರುವುದೂ ಉಂಟು. ಪ್ಲ್ಯಾನ್ ಮಾಡುವ ಮೊದಲೇ ತಾಲೂಕು ಸರ್ವೆಯವರಿಂದ ಗಡಿ ಗುರುತು ಮಾಡಿಸಿ ಕಲ್ಲು ಹಾಕಿಸಿ.

ನಾಲ್ಕು ಅಡಿ ಮಣ್ಣಿನ ಲೆಕ್ಕ

ಈಗ ಬ್ರೋಕರರ ಪರಿಹಾರ. 12 ಸೆಂಟ್ಸ್ ಎಂದರೆ 486 ಚದರ ಮೀಟರ್. ನಾಲ್ಕು ಅಡಿ, ಅಂದರೆ 1.22 ಮೀಟರ್, ಎತ್ತರಿಸಲು ಕುಟ್ಟಿ ಗಟ್ಟಿಯಾದ ಮೇಲೆ 592 ಘನ ಮೀಟರ್ ಮಣ್ಣು ಬೇಕು. ಲಾರಿಯಿಂದ ಸಡಿಲವಾಗಿ ಬೀಳುವ ಲೆಕ್ಕದಲ್ಲಿ ಕಾಲು ಭಾಗ ಹೆಚ್ಚು ಹಿಡಿಯಿರಿ, 740 ಆಯಿತು. 150 ಘನ ಅಡಿಯ ಟಿಪ್ಪರಿನಲ್ಲಿ ಸುಮಾರು 175 ಲೋಡು. ಯಾವುದೋ ಗುಡ್ಡದಿಂದ ಇಷ್ಟು ಕೆಂಪು ಮಣ್ಣು ತೆಗೆಯುವುದಕ್ಕೆ, ಸಾಗಿಸುವುದಕ್ಕೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇರೆ.

ಆ 592 ಘನ ಮೀಟರ್ ಜಾಗದಲ್ಲಿ ನೆರೆಯ ದಿನ ಇಷ್ಟು ಕಾಲ ನೀರು ಹರಡಿ ನಿಲ್ಲುತ್ತಿತ್ತು. ಮೊಣಕಾಲು ಮಟ್ಟದ ನೀರೆಂದರೂ ಎರಡೂವರೆ ಲಕ್ಷ ಲೀಟರ್ ಹತ್ತಿರ. ಅದು ಎಲ್ಲಿಗೆ ಹೋಗಬೇಕು? ಪಕ್ಕದವರ ಅಂಗಳಕ್ಕೆ. ನಿಮ್ಮೊಬ್ಬರ 12 ಸೆಂಟ್ಸ್‌ನಿಂದ ಇಡೀ ಹೊಳೆಯ ಮಟ್ಟ ಏರುವುದಿಲ್ಲ ನಿಜ. ಆದರೆ ತೋಡಿಗೂ ಗದ್ದೆಗೂ ನಡುವೆ ಇರುವ ತುಂಡು ಹರಿಯುವ ನೀರಿಗೆ ಅಡ್ಡಗಟ್ಟೆಯಾಗಿಬಿಡುತ್ತದೆ. ಪಕ್ಕದವರ ಬೆದರಿಕೆಯಲ್ಲಿ ಹುರುಳಿದೆ. ನೆರೆಯವರಿಗೂ ನೆರೆಗೂ ನಮ್ಮ ಭಾಷೆಯಲ್ಲಿ ಒಂದೇ ಶಬ್ದ ಇರುವುದು ಇಂಥ ಜಾಗಗಳಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ಕಾನೂನು ಬಿಡಿ, ಕಟ್ಟಡದ ದೃಷ್ಟಿಯಿಂದಲೂ ಬಯಲಿನ ಮೇಲೆ ಸುರಿದ ಹೊಸ ಮಣ್ಣು ಕೆಟ್ಟ ಅಡಿಪಾಯ. ಎತ್ತರದ ಬೆಟ್ಟು, ಮಜಲುಗಳ ಕೆಳಗೆ ಮುರಕಲ್ಲು (ಜಂಬಿಟ್ಟಿಗೆ) ಬೇಗ ಸಿಗುತ್ತದೆ. ಕೊಳಕೆ (ಬೇಸಗೆಯ ಮೂರನೇ ಬೆಳೆ) ಬೆಳೆಯುವಂಥ ತಗ್ಗಿನ ಬಯಲಿನ ಅಡಿಯಲ್ಲಿ ಇರುವುದು ಕಪ್ಪು ಕೆಸರುಮಣ್ಣು. ಅದರ ಮೇಲೆ ನಾಲ್ಕು ಅಡಿ ಭಾರ ಹೇರಿದರೆ ಅದು ವರ್ಷಗಟ್ಟಲೆ ನಿಧಾನವಾಗಿ ಕುಗ್ಗುತ್ತದೆ. ಮೇಲಿನ ಹೊಸ ಮಣ್ಣು ತನ್ನಷ್ಟಕ್ಕೆ ಬೇರೆ ಕುಗ್ಗುತ್ತದೆ. ಮನೆ ಒಂದೇ ಸಮ ಇಳಿದರೆ ಯಾರಿಗೂ ಗೊತ್ತಾಗದು. ಒಂದು ಮೂಲೆ ಹೆಚ್ಚು ಇಳಿದಾಗ ಕಿಟಕಿಯ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ, ಸಿಟೌಟಿನ ಮೆಟ್ಟಿಲು ಗೋಡೆ ಬಿಟ್ಟು ಜಾರುತ್ತದೆ, ಕಕ್ಕಸಿನ ಪೈಪು ಅಡಿಪಾಯ ದಾಟುವ ಜಾಗದಲ್ಲಿ ಮುರಿದು ಒಳಗೊಳಗೇ ಸೋರುತ್ತದೆ.

ಸುತ್ತ ಕಟ್ಟುವ ತಡೆಗೋಡೆಯ ಗತಿಯೂ ಅಷ್ಟೆ. ಅದು ಬೀಳುವುದು ನೆರೆ ಏರುವಾಗ ಅಲ್ಲ, ಇಳಿಯುವಾಗ. ಹೊರಗಿನ ನೀರು ರಾತ್ರಿ ಬೆಳಗಾಗುವುದರೊಳಗೆ ಇಳಿದುಬಿಡುತ್ತದೆ. ಒಳಗಿನ ಮಣ್ಣು ನೀರು ಕುಡಿದು ಭಾರವಾಗಿ ಹಾಗೇ ಇರುತ್ತದೆ. ಹೊರಗಿನಿಂದ ಒತ್ತಿ ಹಿಡಿದಿದ್ದ ನೀರು ಹೋದ ಮೇಲೆ ಗೋಡೆ ಹೊಟ್ಟೆ ಉಬ್ಬಿ ತೋಡಿಗೆ ಮಗುಚುತ್ತದೆ. ಒಂದೂವರೆ ಮೀಟರಿಗೊಂದರಂತೆ ನೀರು ಬಸಿಯುವ ತೂತು, ಅದರ ಹಿಂದೆ ಜಲ್ಲಿಯ ಪದರ ಇಲ್ಲದ ಗೋಡೆಗೆ ಇದು ಕಟ್ಟಿಟ್ಟ ಬುತ್ತಿ.

ಹಾಗಾದರೆ ಎತ್ತರಿಸುವುದು ಹೇಗೆ? ಅದಕ್ಕೆ ಮೊದಲು ಎಷ್ಟು ಎತ್ತರ ಎಂದು ಗೊತ್ತಾಗಬೇಕು.

ನೀರಿನ ಗುರುತು ಹಿಡಿಯುವುದು

"ಮೊಣಕಾಲವರೆಗೆ" ಎಂಬುದು ನೆನಪು, ಅಳತೆ ಅಲ್ಲ. 2019ರ ನೀರಿನ ಕಲೆ ಬಾವಿಕಟ್ಟೆಯ ಗಾರೆಯಲ್ಲಿ, ಪಕ್ಕದ ಮನೆಯ ಹಿಂಬದಿ ಗೋಡೆಯಲ್ಲಿ, ಸುಣ್ಣ ಬಳಿಯದ ದನದ ಹಟ್ಟಿಯಲ್ಲಿ ಇನ್ನೂ ಇರಬಹುದು. ಕನಿಷ್ಠ ಮೂರು ಕಡೆ ಹುಡುಕಿ. ಆಮೇಲೆ ಹದಿನೈದು ಮೀಟರ್ ಪಾರದರ್ಶಕ ಟ್ಯೂಬು ತಂದು, ಗುಳ್ಳೆ ಇಲ್ಲದಂತೆ ನೀರು ತುಂಬಿಸಿ, ಮೇಸ್ತ್ರಿಯವರು ಮಟ್ಟ ನೋಡುವ ಕ್ರಮದಲ್ಲೇ ಆ ಮೂರು ಗುರುತುಗಳನ್ನು ಮನೆ ಬರುವ ಜಾಗದ ಒಂದು ಗೂಟಕ್ಕೆ ತನ್ನಿ. ಮೂರೂ ಗುರುತು ಅಂಗುಲ ಎರಡಂಗುಲದೊಳಗೆ ಹೊಂದಿದರೆ ಅದು ನಿಮ್ಮ ನೆರೆಮಟ್ಟ. ಒಂದು ಮಾತ್ರ ಬಹಳ ಬೇರೆಯಾದರೆ ಆ ಗುರುತನ್ನು ಬಿಡಿ, ಸರಾಸರಿ ತೆಗೆಯಬೇಡಿ.

2019ರದ್ದು ನೂರು ವರ್ಷಕ್ಕೊಮ್ಮೆ ಬರುವಂಥದ್ದು, ನಮ್ಮ ಕಾಲಕ್ಕೆ ಮುಗಿಯಿತು ಎಂದು ಯಾರಾದರೂ ಸಮಾಧಾನ ಹೇಳಬಹುದು. 'ನೂರು ವರ್ಷದ ನೆರೆ' ಎಂದರೆ ಪ್ರತಿ ವರ್ಷವೂ ನೂರರಲ್ಲಿ ಒಂದು ಪಾಲು ಸಾಧ್ಯತೆ ಎಂದು ಅರ್ಥ. 30 ವರ್ಷದ ಸಾಲ ತೀರುವುದರೊಳಗೆ ಅಂಥದ್ದು ಒಮ್ಮೆಯಾದರೂ ಬರುವ ಸಾಧ್ಯತೆ ಶೇಕಡಾ 26. ಐವತ್ತು ವರ್ಷಕ್ಕೊಮ್ಮೆ ಬರುವ ನೆರೆಯಾದರೆ ಅಷ್ಟೇ ಕಾಲದಲ್ಲಿ ಶೇಕಡಾ 45. ಜತೆಗೆ ನೆಲವೂ ಬದಲಾಗುತ್ತದೆ: ಮೇಲಿನ ಗುಡ್ಡದಲ್ಲಿ ಮುರಕಲ್ಲು ತೆಗೆದ ಹೊಂಡ, ಎತ್ತರಿಸಿದ ರಸ್ತೆ, ಸಣ್ಣದಾದ ಮೋರಿ, ಕೆಳಗೆ ಅಳಿವೆಯಲ್ಲಿ ಕಟ್ಟಿದ ಮರಳದಿಣ್ಣೆ. ನಮ್ಮ ಹೊಳೆಗಳಲ್ಲಿ ಹೆಚ್ಚಿನವು ಗಿಡ್ಡ. 105 ಕಿಲೋಮೀಟರಿನ ಚಂದ್ರಗಿರಿಯಂತೆ ದೂರದ ಕೊಡಗಿನಿಂದ ಇಳಿಯುವುದು ಅಪರೂಪ. ಗುಡ್ಡದಲ್ಲಿ ಸುರಿದ ಮಳೆ ಕೆಲವೇ ಗಂಟೆಗಳಲ್ಲಿ ಬಯಲಿನಲ್ಲಿರುತ್ತದೆ, ಅದೇ ಹೊತ್ತಿಗೆ ಕೆಳಗೆ ಭರತವಿದ್ದರೆ ಹಿಂದಕ್ಕೆ ನಿಲ್ಲುತ್ತದೆ. ಆದ್ದರಿಂದ ಸಿಕ್ಕಿದ ಗುರುತಿಗೆ 60 ಸೆಂಟಿಮೀಟರ್ ಸೇರಿಸಿ. ನಿಮ್ಮಲ್ಲಿ ಗುರುತು ನೆಲದಿಂದ 50 ಸೆಂಟಿಮೀಟರ್ ಎಂದಾದರೆ ಮನೆಯ ನೆಲ 1.1 ಮೀಟರಿಗಿಂತ ಕೆಳಗಿರಬಾರದು. ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ನೆರೆ ಸಾಧ್ಯತೆಯ ನಕ್ಷೆ ಇದೆ, ನೋಡಿ. ಆದರೆ ಅದು ಪ್ರದೇಶ ತೋರಿಸುತ್ತದೆ, ನಿಮ್ಮ ಜಗಲಿಯ ಎತ್ತರವನ್ನಲ್ಲ.

ಕಟ್ಟುವುದೇ ಆದರೆ

ನೀವು ಹೇಳಿದಷ್ಟೇ ನೀರು, ಅದೂ ನಿಂತ ನೀರು, ರಭಸವಿಲ್ಲ ಎಂದಾದರೆ ಜಾಗ ಎತ್ತರಿಸಬೇಡಿ, ಮನೆಯ ತಳ ಮಾತ್ರ ಎತ್ತರಿಸಿ. 120 ಚದರ ಮೀಟರಿನ ಒಂದಂತಸ್ತಿನ ಮನೆಗೆ 1.1 ಮೀಟರ್ ಎತ್ತರದ ಪಂಚಾಂಗದೊಳಗೆ (ನೆಲದ ಮೇಲಿನ ತಳಗಟ್ಟು) ತುಂಬಿಸಲು 130 ಘನ ಮೀಟರ್ ಮಣ್ಣು ಸಾಕು. ಆಗಿನ 592ರ ಕಾಲು ಭಾಗಕ್ಕೂ ಕಡಿಮೆ. ಅಂಗಳ, ತೋಟ ಇದ್ದ ಮಟ್ಟದಲ್ಲೇ ಇರುತ್ತದೆ, ನೀರು ಮನೆಯ ಸುತ್ತ ಹಾದು ಹೋಗುತ್ತದೆ. ಫಾರಂ 6ಕ್ಕೆ ವಿಲೇಜ್ ಆಫೀಸರ್ ವರದಿ ಬರೆಯುವಾಗ ಪಕ್ಕದ ಗದ್ದೆಗೆ ನೀರಿನ ಹರಿವು ತಪ್ಪುವುದಿಲ್ಲ ಎಂದು ತೋರಿಸುವುದಕ್ಕೂ ಇದು ಸುಲಭ.

ಅಡಿಪಾಯದ ಗುಂಡಿ ಕೆಸರು ದಾಟಿ ಗಟ್ಟಿ ನೆಲ ಮುಟ್ಟಬೇಕು. ಎಷ್ಟು ಆಳ ಎಂಬುದನ್ನು ಮೇಸ್ತ್ರಿಯ ಕಣ್ಣಂದಾಜಿಗೆ ಬಿಡದೆ ಎರಡು ಮೂಲೆಯಲ್ಲಿ ಬೋರ್ ಹಾಕಿ ಮಣ್ಣು ಪರೀಕ್ಷೆ ಮಾಡಿಸಿ. ಗಟ್ಟಿ ನೆಲ ಬಹಳ ಕೆಳಗಿದ್ದರೆ ಪೈಲ್ ಅಥವಾ ರಾಫ್ಟ್ ಎಂದು ಇಂಜಿನಿಯರ್ ಹೇಳಬಹುದು. ಆ ಖರ್ಚು ಕೇಳಿದ ಮೇಲೂ ಇದೇ ಜಾಗ ಬೇಕೇ ಎಂದು ಆಗ ಯೋಚಿಸಿ. ಪಂಚಾಂಗ ಕಗ್ಗಲ್ಲಿನದ್ದಿರಲಿ, ಮುರಕಲ್ಲು ನೀರು ಹೀರಿ ತಿಂಗಳುಗಟ್ಟಲೆ ಒದ್ದೆ ಇರುತ್ತದೆ. ಮೇಲೆ ಕಾಂಕ್ರೀಟ್ ಬೆಲ್ಟ್. ಒಳಗಿನ ಮಣ್ಣನ್ನು ಇಪ್ಪತ್ತು ಸೆಂಟಿಮೀಟರ್ ಪದರಗಳಲ್ಲಿ ನೀರು ಹಾಕಿ ಕುಟ್ಟಿಸಿ, ಒಂದೇ ಸಲ ಸುರಿದು ಮೇಲೆ ಟೈಲ್ಸ್ ಹಾಕಿಸಬೇಡಿ.

ನೀರು ಸೊಂಟ ಮೀರುವ, ಅಥವಾ ತೋಡು ಉಕ್ಕಿ ಅಡ್ಡ ಹರಿಯುವ ಜಾಗವಾದರೆ ಕಂಬಗಳ ಮೇಲೆ ಕಟ್ಟುವುದೇ ಸರಿ. ಕಂಬ ಕನಿಷ್ಠ 30 ಸೆಂಟಿಮೀಟರ್ ಚೌಕ ಇರಲಿ, ನಮ್ಮ ಜಿಲ್ಲೆ ಭೂಕಂಪದ ಮೂರನೆಯ ವಲಯದಲ್ಲಿದೆ. ಒದ್ದೆಯಾಗಿ ಒಣಗಿ ಮತ್ತೆ ಒದ್ದೆಯಾಗುವ ಕಾಂಕ್ರೀಟಿಗೆ ಎಂ 30 ದರ್ಜೆ, ಕಬ್ಬಿಣದ ಮೇಲೆ 45 ಮಿಲಿಮೀಟರ್ ಹೊದಿಕೆ ಬೇಕು. ಸಾಧಾರಣ ಮನೆಗಳಲ್ಲಿ ಬಿಡುವ 25 ಮಿಲಿಮೀಟರ್ ಇಲ್ಲಿ ಸಾಲದು, ಕೆಲವೇ ವರ್ಷಗಳಲ್ಲಿ ಕಂಬದ ಬುಡ ಸಿಡಿದು ಸರಿಗೆ ಕಾಣತೊಡಗುತ್ತದೆ. ಎತ್ತರದ ವಿಷಯದಲ್ಲಿ ನಡುದಾರಿ ಹಿಡಿಯಬೇಡಿ. ಒಂದೂವರೆ ಮೀಟರಿನ ಸಂದಿಯಲ್ಲಿ ಗುಡಿಸಲೂ ಆಗದು, ಹಾವು ಹೊಕ್ಕರೆ ಕಾಣದು. ಮನುಷ್ಯ ನಡೆಯುವಷ್ಟು, 2.4 ಮೀಟರ್ ಎತ್ತರಿಸಿ. ಆದರೆ 15 ಸೆಂಟಿಮೀಟರಿನಂತೆ 16 ಮೆಟ್ಟಿಲಾಯಿತು, ಅಮ್ಮನ ಮಂಡಿ ಲೆಕ್ಕಕ್ಕೆ ತೆಗೆದುಕೊಳ್ಳಿ. 1.1 ಮೀಟರಿಗಾದರೆ ಹನ್ನೆರಡಕ್ಕೊಂದು ಇಳಿಜಾರಿನಲ್ಲಿ ಹದಿಮೂರು ಮೀಟರ್ ಉದ್ದದ ರ‍್ಯಾಂಪ್ ಮಾಡಲು ಜಾಗವೂ ಇದೆ. ಕಂಬದ ಮನೆಯ ಕೆಳಗೆ ಎರಡು ವರ್ಷ ಬಿಟ್ಟು ಗೋಡೆ ಕಟ್ಟಿ ಕೋಣೆ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಅದು ಪರ್ಮಿಟ್ ಉಲ್ಲಂಘನೆ, ಮೇಲಾಗಿ ನೀರಿನ ದಾರಿ ಮುಚ್ಚಿದ್ದಕ್ಕೆ ಕಂಬಗಳೇ ಪೆಟ್ಟು ತಿನ್ನುತ್ತವೆ.

ಸೆಪ್ಟಿಕ್ ಟ್ಯಾಂಕ್ ಮರೆಯಬೇಡಿ. ಬಾವಿಯಿಂದ ಇಂಗುಗುಂಡಿ 7.5 ಮೀಟರ್ ದೂರ ಇರಬೇಕೆಂಬುದು ನಿಯಮ, 12 ಸೆಂಟ್ಸ್‌ನಲ್ಲಿ ಪಕ್ಕದವರ ಬಾವಿಯನ್ನೂ ಸೇರಿಸಿ ಅಳೆಯಿರಿ. ಆಟಿಯಲ್ಲಿ ಅಂತರ್ಜಲ ನೆಲಕ್ಕೆ ಸಮವಾಗಿರುವ ಬಯಲಿನಲ್ಲಿ ಇಂಗುಗುಂಡಿ ಇಂಗುವುದಿಲ್ಲ, ತಿರುಗಿ ಕಕ್ಕಸಿಗೆ ಬರುತ್ತದೆ. ಟ್ಯಾಂಕಿನ ಮುಚ್ಚಳ, ಗಾಳಿಕೊಳವೆ ನೆರೆಮಟ್ಟದಿಂದ ಮೇಲಿರಲಿ, ಹೊರಹೋಗುವ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಬಾವಿಕಟ್ಟೆಯನ್ನೂ ಅದೇ ಮಟ್ಟಕ್ಕೆ ಎತ್ತರಿಸಿ.

ಕಂಪ್ಲೇಂಟ್ ಬಂದರೆ

ಅನುಮತಿ ಇಲ್ಲದೆ ಒಂದು ಲೋಡು ಮಣ್ಣು ಬಿದ್ದರೂ ವಿಲೇಜ್ ಆಫೀಸರ್ ಸ್ಟಾಪ್ ಮೆಮೊ ಕೊಡಬಹುದು, ಟಿಪ್ಪರ್, ಜೆಸಿಬಿ ಹಿಡಿದು ಇಡಬಹುದು. ಗದ್ದೆ ಕಾಯಿದೆಯಲ್ಲಿ ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, 50,000ದಿಂದ ಒಂದು ಲಕ್ಷ ದಂಡ. ಮಣ್ಣು ತೆಗೆಸಿ ಜಾಗ ಮೊದಲಿನಂತೆ ಮಾಡಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ, ಖರ್ಚು ನಿಮ್ಮದು. ಹಾಗೆ ತುಂಬಿಸಿದ ಜಾಗಕ್ಕೆ ಪಂಚಾಯತು ಪರ್ಮಿಟ್ ಕೊಡಕೂಡದೆಂದು ಕಾಯಿದೆಯಲ್ಲೇ ಇದೆ. "ಕಟ್ಟಿಬಿಡಿ, ಆಮೇಲೆ ಯು.ಎ. ನಂಬ್ರ ಸಿಗುತ್ತದೆ" ಅನ್ನುವವರಿದ್ದಾರೆ. ಯು.ಎ. ನಂಬ್ರವೆಂದರೆ ಅನಧಿಕೃತ ಕಟ್ಟಡ ಎಂಬ ಹಣೆಪಟ್ಟಿ. ತೆರಿಗೆ ಹೆಚ್ಚು, ಹಕ್ಕು ಇಲ್ಲ.

ನಿಮ್ಮ ಅರ್ಜಿ ಸರಿಯಿದ್ದೂ ಪಂಚಾಯತಿನಲ್ಲಿ ತಿರಸ್ಕಾರವಾದರೆ, ನಿರ್ಧಾರ ಸೆಕ್ರೆಟರಿಯದ್ದು, ಅಧ್ಯಕ್ಷರದ್ದಲ್ಲ ಎಂಬುದು ನೆನಪಿರಲಿ. ಕಾರಣ ಲಿಖಿತವಾಗಿ ಕೇಳಿ, ತಿರುವನಂತಪುರದ ಸ್ಥಳೀಯಾಡಳಿತ ಟ್ರಿಬ್ಯೂನಲಿಗೆ ಹೋಗಬಹುದು. ಕಾಸರಗೋಡಿನ ಕನ್ನಡಿಗರಿಗೆ ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು 1969ರ ಭಾಷಾ ಕಾಯಿದೆಯಿಂದ ಬಂದದ್ದು. ಆನ್‌ಲೈನ್ ಫಾರಂ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೂ ಆಕ್ಷೇಪ, ವಿವರಣೆ, ಮನವಿಯನ್ನು ಅಮ್ಮ ಓದಿ ಅರ್ಥ ಮಾಡಿಕೊಂಡು ಸಹಿ ಹಾಕುವ ಭಾಷೆಯಲ್ಲೇ ಕೊಡಿ, ಜಾಗ ಅವರ ಹೆಸರಿನಲ್ಲಿದೆಯಲ್ಲ.

ಪಕ್ಕದವರ ಹತ್ತಿರ ಈಗಲೇ ಹೋಗಿ, ಪಂಚಾಂಗ ಮಾತ್ರ ಎತ್ತರಿಸುವ ನಕ್ಷೆ ತೋರಿಸಿ. ತೋಡಿನ ಬದಿ ಕಲ್ಲಿನ ಕಾಂಪೌಂಡು ಕಟ್ಟುವುದಿಲ್ಲ, ಬೇಲಿ ಮಾತ್ರ ಎಂದು ಹೇಳಿ. ಅರ್ಧ ಜಗಳ ಅಲ್ಲೇ ಇಳಿಯುತ್ತದೆ.

ಡೇಟಾ ಬ್ಯಾಂಕ್, ಕರಾವಳಿ ನಕ್ಷೆ, ನೆರೆಯ ಗುರುತು ಈ ಮೂರರಲ್ಲಿ ಎರಡು ನಿಮಗೆ ವಿರುದ್ಧವಾಗಿ ಬಂದರೆ ಆ 12 ಸೆಂಟ್ಸ್‌ನಲ್ಲಿ ಅಡಿಕೆಯೇ ಇರಲಿ, ಮನೆಗೆ ಮೇಲೆ ಮಜಲಿನಲ್ಲಿ ಐದಾರು ಸೆಂಟ್ಸ್ ನೋಡಿ. ಮೂರೂ ಪರವಾಗಿದ್ದರೆ ಫಾರಂ 6 ಹಾಕಿಬಿಡಿ. ಫೈಲು ನಡೆಯುವ ಹೊತ್ತಿಗೆ ಒಂದು ಮಳೆಗಾಲ ಹೇಗೂ ಕಳೆಯುತ್ತದೆ. ಮನೆ ಬರುವ ಜಾಗದಲ್ಲಿ ಎರಡು ಮೀಟರಿನ ಜಿ.ಐ. ಪೈಪು ಹುಗಿದು, ಹತ್ತು ಸೆಂಟಿಮೀಟರಿಗೊಂದರಂತೆ ಬಣ್ಣದ ಗೆರೆ ಹಾಕಿಸಿ. ನೀರು ಬಂದ ದಿನ ಪೈಪಿನ ಫೋಟೋ ತಾರೀಕು ಸಹಿತ ತೆಗೆದಿಡಲು ಅಮ್ಮನಿಗೆ ಹೇಳಿ. ನೀರು ಯಾವ ಕಡೆಯಿಂದ ಬಂತು, ಹೊಳೆಯಿಂದಲೋ ತೋಡಿನಿಂದಲೋ, ಎಷ್ಟು ಗಂಟೆ ನಿಂತಿತು ಎಂಬುದನ್ನೂ ಬರೆದಿಡಲಿ. ಇಂಜಿನಿಯರರಿಗೆ ಪ್ಲ್ಯಾನಿನ ಅಡ್ವಾನ್ಸ್ ಕೊಡುವುದು ಆ ಚೀಟಿ ಕೈಗೆ ಬಂದ ಮೇಲೆ ಸಾಕು.